ಚಪ್ಪಲಿ ಗೂಡಿನ ಎಕ್ಸ್‌ಚೇಂಜ್

"ರೀ, ಅದನ್ನ ಕೀಳ್ಬೇಡಿ!"

ಸೊಸೆ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಕಿತ್ತಾಗಿತ್ತು. ಗಂಡ ಕರಿಯ ವೈರನ್ನು ಸತ್ತ ಹಾವಿನ ಹಾಗೆ ತುದಿಬೆರಳಲ್ಲಿ ಹಿಡಿದು ನಿಂತಿದ್ದ. ಅವನ ಬೆನ್ನ ಹಿಂದೆ ಅತ್ತೆಯ ದೇಹ ಇಡಲು ಫ್ರೀಜರ್ ಪೆಟ್ಟಿಗೆ ತಂದ ಇಬ್ಬರು ಇನ್ನೊಂದು ದಪ್ಪ ವೈರಿನ ತುದಿ ಹಿಡಿದು ಕಾಯುತ್ತಿದ್ದರು.

"ದೊಡ್ಡ ಪ್ಲಗ್ಗು ಅಮ್ಮ. ಈ ಹಾಲಲ್ಲಿ ಇದೊಂದಕ್ಕೇ ಕೂರೋದು," ಎಂದ ಅವರಲ್ಲಿ ಹಿರಿಯನು, ತಪ್ಪೆಲ್ಲ ತನ್ನದೇ ಎನ್ನುವ ಹಾಗೆ.

ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲಿನ ಅರೆಯಲ್ಲಿ ಹಸಿರು ದೀಪ ಆರಿತು. ಸಣ್ಣ ಫ್ಯಾನಿನ ಗುಂಯ್‌ಗುಟ್ಟುವ ಸದ್ದು ಇಳಿಯುತ್ತ ಇಳಿಯುತ್ತ ನಿಂತೇ ಹೋಯಿತು. ಆ ಸದ್ದಿಗೆ ಮನೆಯವರ ಕಿವಿ ಎಷ್ಟು ಒಗ್ಗಿತ್ತೆಂದರೆ, ನಿಂತ ಮೇಲೆಯೇ ಅದೊಂದು ಇತ್ತೆಂದು ಗೊತ್ತಾದದ್ದು. ಅತ್ತೆ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದು ಹಿಂದಿನ ದಿನ ಸಂಜೆ. ಸೊಸೆಗೆ ಮನೆ ಬರಿದಾದಂತೆ ಅನಿಸಿದ್ದು ಈಗ.

"ಅಮ್ಮನ್ನ ಇನ್ನೂ ಒಳಗೆ ಕರ್ಕೊಂಡು ಬಂದಿಲ್ಲ, ನಿನಗೆ ಆ ಡಬ್ಬಿ ಚಿಂತೇನಾ?" ಎಂದಳು ಅತ್ತಿಗೆ. ಅವಳು ಗಂಡನ ಅಕ್ಕ, ಬೇರೆ ಊರಿನವಳು. ಬೆಳಗಿನ ಬಸ್ಸಿನಿಂದ ಇಳಿದು ಬಂದವಳು ಇನ್ನೂ ಕೈಚೀಲವನ್ನೂ ಕೆಳಗಿಟ್ಟಿರಲಿಲ್ಲ.

"ಹಾಗಲ್ಲ ಅತ್ತಿಗೆ. ಅದನ್ನ ಹೀಗೆ ಒಮ್ಮೆಗೇ ಕಿತ್ತರೆ ಮತ್ತೆ ಏಳೋದು ಕಷ್ಟ. ಹಳೇದು."

"ಏಳದಿದ್ರೆ ಗುಜರಿಗೆ ಹಾಕು. ಅಮ್ಮನ ಕೊನೇ ವರ್ಷಗಳನ್ನೆಲ್ಲ ಅದೇ ತಿಂದುಬಿಡ್ತು."

ಸಾವಿನ ಮನೆಯಲ್ಲಿ ಹೆಣ್ಣುಮಗಳಿಗೆ ಸಿಟ್ಟು ಮಾಡುವ ಹಕ್ಕಿದೆ ಎಂಬುದು ಸೊಸೆಗೆ ಗೊತ್ತಿತ್ತು.

ಗೂಡಿನಲ್ಲಿದ್ದದ್ದು ಪರದೆ ಒಡೆದ ಒಂದು ಹಳೆಯ ಲ್ಯಾಪ್‌ಟಾಪ್. ಬ್ಯಾಟರಿ ಎಂದೋ ಸತ್ತಿತ್ತು. ಜೀವವೆಲ್ಲ ಆ ವೈರಿನಲ್ಲೇ. ಊರಿನ ಯಾವ ಅಂಗಡಿಯಲ್ಲಿ ಯಾವ ದಿನಸಿಗೆ ಎಷ್ಟು ಬೆಲೆ ಎಂದು ತೋರಿಸುವ ವೆಬ್‌ಸೈಟು ಅದರೊಳಗಿಂದ ನಡೆಯುತ್ತಿತ್ತು. ಫೋನಿನಲ್ಲಿ 'ಅಕ್ಕಿ' ಎಂದು ಬರೆದರೆ ಸಾಕು, ಅಗ್ಗದ ಅಂಗಡಿಯಿಂದ ದುಬಾರಿಯ ಅಂಗಡಿಯವರೆಗೆ ಬೆಲೆಗಳು ಸಾಲಾಗಿ ನಿಲ್ಲುತ್ತಿದ್ದವು. ಅತ್ತೆ ಕೆಲಸದಲ್ಲಿದ್ದಷ್ಟು ಕಾಲವೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕರೆ ಜೋಡಿಸಿದವರು. ಹಾಗಾಗಿ ಇದಕ್ಕೂ ಅವರು ಇಟ್ಟ ಹೆಸರು ಎಕ್ಸ್‌ಚೇಂಜ್. ಊರಿನವರ ಬಾಯಲ್ಲೂ ಅದೇ ನಿಂತಿತ್ತು.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಸೊಸೆ ಹೋದಾಗಲೆಲ್ಲ ಅತ್ತೆ ಮುಖದ ಮೇಲಿನ ಆಕ್ಸಿಜನ್ ಮಾಸ್ಕನ್ನು ಒಂದಿಷ್ಟು ಸರಿಸಿ ಕೇಳುತ್ತಿದ್ದದ್ದು ಒಂದೇ ಮಾತು: "ಎದ್ದಿದೆಯಾ?"

"ಎದ್ದಿದೆ ಅತ್ತೆ."

ನಿನ್ನೆ ಮಧ್ಯಾಹ್ನ ಕೂಡ ಹಾಗೆಯೇ ಹೇಳಿ ಬಂದಿದ್ದಳು. ಅತ್ತೆ ನೆಮ್ಮದಿಯಿಂದ ಮಾಸ್ಕನ್ನು ಸರಿಯಾಗಿ ಕೂರಿಸಿಕೊಂಡಿದ್ದರು. ಈವರೆಗೆ ಅವಳು ಹೇಳಿದ್ದು ನಿಜವೇ ಆಗಿತ್ತು. ಅವರನ್ನು ಕಳಿಸಿಕೊಡುವ ಹೊತ್ತಿಗೆ ಅದು ಸುಳ್ಳಾಗಬಾರದು, ಅಷ್ಟೇ.

ಅತ್ತೆಯನ್ನು ಒಳಗೆ ತಂದು ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಅವಳು ಅಡುಗೆಮನೆಯ ಪ್ಲಗ್ಗಿನಿಂದ ಉದ್ದದ ವೈರು ಎಳೆದು ತಂದು ಲ್ಯಾಪ್‌ಟಾಪಿಗೆ ಜೋಡಿಸಿದಳು. ದೀಪ ಹತ್ತಿತು. ಫ್ಯಾನು ಒಮ್ಮೆ ಕೆಮ್ಮಿ ತಿರುಗಿತು. ಫೋನಿನಲ್ಲಿ ನೋಡಿದರೆ ಪುಟ ಮಾತ್ರ ತೆರೆಯಲಿಲ್ಲ. ಒಳಗೆ ಅದು ಏನನ್ನೋ ಕೇಳುತ್ತ ಕೂತಿದೆ ಎಂದು ಅವಳಿಗೆ ಅರ್ಥವಾಯಿತು. ಏನು ಕೇಳುತ್ತಿದೆಯೆಂದು ಓದಲು ಅದರ ಪರದೆ ಒಡೆದಿದೆ. ಅದನ್ನು ಟೀವಿಗೆ ಜೋಡಿಸಿಯೇ ಓದಬೇಕು. ಟೀವಿ ಇರುವುದು ಗೋಡೆಯ ಮೇಲೆ, ಸರಿಯಾಗಿ ಅತ್ತೆಯ ತಲೆಯ ನೇರಕ್ಕೆ.

ಅತ್ತೆ ಹೊರಡುವ ಮುಂಚೆಯೇ ಸೊಸೆ ಟೀವಿ ಹಾಕಿಕೊಂಡಳಂತೆ ಎನ್ನಿಸಿಕೊಳ್ಳುವ ಧೈರ್ಯ ಅವಳಿಗೆ ಇರಲಿಲ್ಲ. ಕೈ ಕೈ ಹಿಸುಕಿಕೊಳ್ಳುತ್ತ ಗೋಡೆಗೆ ಒರಗಿ ಕೂತಳು.

"ಇಷ್ಟು ಕುರ್ಚಿ ಯಾಕೋ ತರಿಸಿದೆ?" ಅತ್ತಿಗೆ ತಮ್ಮನನ್ನು ಕೇಳುತ್ತಿದ್ದಳು. "ನಾವು ಮೂರು ಜನ, ದೊಡ್ಡಪ್ಪ ಒಬ್ಬರು. ಅಮ್ಮ ಯಾರ ಮನೆಗೆ ಹೋದ್ಲು, ಯಾರನ್ನ ಕರೆದ್ಲು? ನಾನು ಫೋನ್ ಮಾಡಿದ್ರೆ ಹೇಗಿದೀಯಾ ಅಂತ ಕೇಳೋ ಮೊದ್ಲು ನಿಮ್ಮೂರಲ್ಲಿ ಬೇಳೆ ಹೇಗಿದೆ ಅಂತಿದ್ಲು."

*

ಎಲ್ಲ ಶುರುವಾದದ್ದು ಒಂದು ಎಣ್ಣೆ ಪ್ಯಾಕೆಟ್ಟಿನಿಂದ. ಬೆಲೆ ಅದೇ, ಮೇಲಿನ ಬಣ್ಣ ಅದೇ. ಡಬ್ಬಕ್ಕೆ ಸುರಿದರೆ ಮಾತ್ರ ಎಂದಿನ ಗೆರೆ ಮುಟ್ಟಲಿಲ್ಲ. ಅತ್ತೆ ಪ್ಯಾಕೆಟ್ಟಿನ ಮೂಲೆಯಲ್ಲಿದ್ದ ಇರುವೆಯಂಥ ಅಕ್ಷರ ಓದಲು ಸೊಸೆಯನ್ನು ಕರೆದರು. ಸೊಸೆ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ಅವಳ ಬ್ಯಾಗಿನಲ್ಲಿ ಭೂತಗನ್ನಡಿ ಇದ್ದೇ ಇರುತ್ತಿತ್ತು. ನೋಡಿದರೆ ತೂಕ ಸದ್ದಿಲ್ಲದೆ ಇಳಿದಿತ್ತು.

"ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ್ರು ಅಂತಾರಲ್ಲ, ಅದು ನಾವೇ ಕಣೇ," ಎಂದು ಅತ್ತೆ ನಕ್ಕರು. ನಕ್ಕು ಸುಮ್ಮನಾಗಲಿಲ್ಲ.

ದೂರದೂರದ ದೇಶಗಳಲ್ಲಿ ಕೂತ ಯಾರೋ ಅಪರಿಚಿತರು ಇಂಥ ಬೆಲೆ ಹೋಲಿಸುವ ಪ್ರೋಗ್ರಾಮನ್ನು ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಲಿ, ತಿದ್ದಿಕೊಳ್ಳಲಿ ಎಂದು ಬಿಟ್ಟಿದ್ದರು. ಕಾಸು ಕೊಡಬೇಕಿಲ್ಲ, ಕೇಳಬೇಕಿಲ್ಲ. "ಊರ ಬಾವಿ ಇದ್ದ ಹಾಗೆ," ಎಂದರು ಅತ್ತೆ. "ಹಗ್ಗ, ಬಿಂದಿಗೆ ಮಾತ್ರ ನಮ್ಮದು." ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ರಿಪೇರಿಯವನು ಒಡೆದ ಪರದೆಯ ಲ್ಯಾಪ್‌ಟಾಪನ್ನು ಹಾಗೆಯೇ ಕೊಟ್ಟ. ದೊಡ್ಡ ಕಂಪನಿಗಳ ಕಂಪ್ಯೂಟರಿನಲ್ಲಿ ವೆಬ್‌ಸೈಟಿಗೆ ಬಾಡಿಗೆಗೆ ಜಾಗ ಸಿಗುತ್ತದೆ, ಅಲ್ಲಿ ಇಟ್ಟರೆ ತಲೆನೋವಿಲ್ಲ ಎಂದೂ ಹೇಳಿದ.

"ಮನೇಲಿ ಒಲೆ ಇಟ್ಕೊಂಡು ದಿನಾ ಹೋಟೆಲಿಂದ ತರಿಸ್ತಾರೇನಪ್ಪ?" ಎಂದರು ಅತ್ತೆ.

ಮನೆಯೊಳಗೆ ಇಂಟರ್ನೆಟ್ಟಿನ ವೈರು ಬರುವುದು ಬಾಗಿಲ ಪಕ್ಕದಲ್ಲಿ. ಆದ್ದರಿಂದ ಜಾಗ ಸಿಕ್ಕಿದ್ದು ಚಪ್ಪಲಿ ಗೂಡಿನಲ್ಲಿ. ಮಗನ ಬೂಟುಗಳು ಮಂಚದ ಕೆಳಗೆ ಹೋದವು. ಮುಂದಿನ ಎಷ್ಟೋ ವಾರ ಅತ್ತೆ ಊಟವಾದ ಮೇಲೆ ಟೀವಿಗೆ ವೈರು ಚುಚ್ಚಿ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಟೈಪು ಮಾಡುತ್ತ ಕೂತರು. ಒಂದು ತಪ್ಪು ಸರಿಮಾಡಿದರೆ ಅದರ ಹಿಂದಿನಿಂದ ಇನ್ನೊಂದು ಇಣುಕುತ್ತಿತ್ತು. ಮಗ ಕ್ರಿಕೆಟ್ಟು ಕಳೆದುಕೊಂಡು ಗೊಣಗಿದ.

"ರಾಂಗ್ ನಂಬರ್ ಅಂತ ಬೈಯೋರನ್ನೆಲ್ಲ ಸಮಾಧಾನ ಮಾಡಿ ಪೆನ್ಷನ್ ತಗೊಂಡೋಳು ನಾನು," ಎನ್ನುತ್ತಿದ್ದರು ಅತ್ತೆ. "ಇದು ಬೈದ್ರೆ ಬೈಲಿ ಬಿಡು."

ತೂಕ ಇಳಿಸಿದ ಪ್ಯಾಕೆಟ್ಟನ್ನು ಹಿಡಿದು ತೋರಿಸುವ ಒಂದು ಉಪಾಯವನ್ನು ಅವರು ಬರೆದು ಆ ದೂರದವರಿಗೂ ಕಳಿಸಿದರು. ಅವರು ಒಪ್ಪಿ ಎಲ್ಲರ ಬಳಕೆಗೂ ಸೇರಿಸಿದರು. ವಂದನೆ ಹೇಳಿ ಬರೆದ ಉತ್ತರದಲ್ಲಿ ಅತ್ತೆಯನ್ನು 'ಬ್ರೋ' ಎಂದು ಕರೆದಿದ್ದರು. ಅತ್ತೆ ಹಾಗೆಂದರೇನೆಂದು ಕೇಳಿ ತಿಳಿದುಕೊಂಡು, ಅವತ್ತೆಲ್ಲ ಸೆರಗಿನ ಮರೆಯಲ್ಲಿ ನಗುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ಕನ್ನಡಕದಂಗಡಿಗೆ ಫೋನು ಬಂತು. ಸೊಸೆ ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸುತ್ತಿದ್ದಳು.

"ಹಲೋ, ಕಾಣ್ತಿದೆಯಾ?"

ಅವಳು ಇನ್ನೊಂದು ಕೈಯಲ್ಲಿ ಪುಟ ತೆರೆದಳು. ಸಕ್ಕರೆ, ಉಪ್ಪು, ಸೋಪು, ಬೇಳೆ. ತನ್ನ ಮನೆಯ ಚಪ್ಪಲಿ ಗೂಡಿನಿಂದ ಹೊರಟು ಊರಾಚೆಯ ಈ ಅಂಗಡಿಯವರೆಗೆ ಬಂದು ನಿಂತಿದ್ದವು.

"ಕಾಣ್ತಿದೆ ಅತ್ತೆ!" ಎಂದು ಅವಳು ಕೂಗಿದ ರಭಸಕ್ಕೆ ಗಿರಾಕಿ ತನಗೇ ಹೇಳಿದ್ದೆಂದುಕೊಂಡು, "ನನಗೂ ಕಾಣ್ತಿದೆ ಕಣಮ್ಮ," ಎಂದರು.

*

ಬಿಸಿಲು ಏರುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದಿದ್ದ ಬಾಗಿಲನ್ನು ಯಾರು ತಟ್ಟುತ್ತಾರೆಂದು ಸೊಸೆ ತಲೆ ಎತ್ತಿದಳು. ಲೇಡೀಸ್ ಹಾಸ್ಟೆಲ್ಲಿನ ಅಡುಗೆಯಾಕೆ, ಎರಡೂ ಕೈಯಲ್ಲಿ ಖಾಲಿ ಚೀಲ ಹಿಡಿದು ನಿಂತಿದ್ದಳು.

"ಬೆಳಗ್ಗಿಂದ ಎಕ್ಸ್‌ಚೇಂಜ್ ತೆರೀತಾನೇ ಇಲ್ಲ, ಅಮ್ಮ ಹುಷಾರಾಗಿದಾರಾ ಅಂತ ಕೇಳ್ಕೊಂಡು..." ಎನ್ನುತ್ತಲೇ ಪೆಟ್ಟಿಗೆ ಅವಳ ಕಣ್ಣಿಗೆ ಬಿತ್ತು. ಚೀಲಗಳು ಕೆಳಗೆ ಬಿದ್ದವು. "ಅಯ್ಯೋ, ನಮ್ಮಮ್ಮಾ!"

ಅವಳ ಹಿಂದೆಯೇ ಶಾಲಾ ಬಸ್ಸಿನ ಡ್ರೈವರು ಬಂದ. ಆಮೇಲೆ ರಿಪೇರಿಯವನು, ಪಕ್ಕದ ಬೀದಿಯ ದರ್ಜಿ ಮತ್ತು ಅವನ ಹೆಂಡತಿ, ಆರೋಗ್ಯ ಕೇಂದ್ರದ ನರ್ಸು, ಸೊಸೆ ಎಂದೂ ನೋಡಿರದ ಅಜ್ಜ ಅಜ್ಜಿಯರು. ಎಲ್ಲರ ಕೈಯಲ್ಲೂ ಚೀಲ. ಎಲ್ಲರದೂ ಒಂದೇ ಪ್ರಶ್ನೆ, ಯಾಕೆ ತೆರೀತಿಲ್ಲ? ಸಾವಿನ ಸುದ್ದಿ ತಿಳಿದು ಬಂದವರಲ್ಲ ಅವರು. ಪುಟ ತೆರೆಯದಿದ್ದದ್ದೇ ಸುದ್ದಿಯಾಗಿ ಬಂದವರು. ಕುರ್ಚಿಗಳು ತುಂಬಿದವು. ಗಂಡ ಇನ್ನಷ್ಟು ತರಿಸಲು ಫೋನು ಮಾಡಿದ.

ಮೊದಲು ಎಲ್ಲರೂ ಪಿಸುಮಾತಿನಲ್ಲಿದ್ದರು. ಆದರೆ ಬೆಳಗಿನ ಸಂತೆ ತಪ್ಪಿಸಿಕೊಂಡು ಬಂದ ಇಷ್ಟು ಜನ ಒಂದೆಡೆ ಕೂತ ಮೇಲೆ ಮಾತು ಎಷ್ಟು ಹೊತ್ತು ಪಿಸುಮಾತಾಗಿಯೇ ಇದ್ದೀತು?

"ಈರುಳ್ಳಿ ನೋಡಿದ್ರಾ, ಸೇತುವೆ ಹತ್ರ?"

"ಸೇತುವೆ ಹತ್ರ ಬೇಡ, ಅರ್ಧ ಕೊಳೆತಿರುತ್ತೆ. ಗಡಿಯಾರದಂಗಡಿ ಪಕ್ಕ ನೋಡಿ."

"ಮೆಲ್ಲಗೆ ಮಾತಾಡ್ರೀ, ಅಮ್ಮ ಮಲಗಿದಾರೆ."

"ಅಮ್ಮನಿಗೂ ಕೇಳಲಿ ಬಿಡು. ಬೆಲೆ ಕೇಳಿದ್ರೆ ಎದ್ದು ಕೂತಾರು!"

ಯಾರೋ ನಗೆ ತಡೆಯಲಾಗದೆ ಕೆಮ್ಮಿದರು. ಅತ್ತಿಗೆ ಮುಖ ಬಿಗಿದುಕೊಂಡಳು. ಹಾಸ್ಟೆಲ್ಲಿನ ಅಡುಗೆಯಾಕೆ ಸರಿದು ಬಂದು ಅವಳ ಪಕ್ಕ ನೆಲದ ಮೇಲೆ ಕೂತಳು.

"ನೀವು ಮಗಳಲ್ವಾ? ಅದೇ ಹಣೆ. ನೋಡಿ ಅಕ್ಕ, ನಮ್ಮ ಹುಡುಗೀರಿಗೆ ಊಟದ ದುಡ್ಡು ಇಷ್ಟೇ ಅಂತ ಕಟ್ಟುನಿಟ್ಟು. ನಿಮ್ಮಮ್ಮ ಒಂದಿನ ನನ್ನ ಕೂರಿಸ್ಕೊಂಡು ಯಾವುದನ್ನ ಎಲ್ಲಿ ತಗೋಬೇಕು ಅಂತ ಹೇಳ್ಕೊಟ್ರು. ಉಳಿದ ದುಡ್ಡಿಗೆ ಈಗ ವಾರಕ್ಕೆ ಒಂದು ಮೊಟ್ಟೆ ಹೆಚ್ಚು. ಆ ಮೊಟ್ಟೆಗೆ ಹುಡುಗೀರು ಏನಂತಾರೆ ಗೊತ್ತಾ? ಎಕ್ಸ್‌ಚೇಂಜ್ ಮೊಟ್ಟೆ."

ಅತ್ತಿಗೆ ಅಡುಗೆಯಾಕೆಗೆ ಒರಗಲು ತನ್ನ ಬೆನ್ನ ಹಿಂದಿನ ದಿಂಬನ್ನು ಎಳೆದು ಕೊಟ್ಟಳು.

ಆಗ ಮೂಲೆ ಅಂಗಡಿಯವರು ಬಂದರು. ಮಾತು ನಿಂತಿತು. ಅತ್ತೆಗೂ ಅವರಿಗೂ ಎಂಥ ಜಗಳ ಎಂಬುದು ಬೀದಿಗೆಲ್ಲ ಗೊತ್ತು.

"ನಾನು ನೋಡ್ಕೊಂಡು ಬಂದೋನಲ್ಲ," ಎಂದರು ಅವರು ಎಲ್ಲರಿಗೂ ಕೇಳುವಂತೆ. "ಆ ದರಿದ್ರ ಪುಟ ನಾನು ಯಾವತ್ತೂ ತೆರೆದಿಲ್ಲ. ಜನ ಈ ಕಡೆ ಬರ್ತಿದ್ರು, ಏನು ಅಂತ ನೋಡೋಣ ಅಂತ ಬಂದೆ." ಆಮೇಲೆ ಪೆಟ್ಟಿಗೆಯ ಮುಂದೆ ನಿಂತು ತುಂಬ ಹೊತ್ತು ಅಲ್ಲಾಡಲಿಲ್ಲ.

*

ಎಕ್ಸ್‌ಚೇಂಜ್ ಶುರುವಾದ ಮೊದಲ ಮಳೆಗಾಲದಲ್ಲಿ ಇದೇ ಮನುಷ್ಯ ಕೊಡೆ ಮಡಿಚಲೂ ಮರೆತು ಮನೆಯೊಳಕ್ಕೆ ನುಗ್ಗಿದ್ದರು.

"ಏನಮ್ಮ, ನನ್ನ ಹೊಟ್ಟೆ ಮೇಲೆ ಹೊಡೀತೀರಾ? ಎಲ್ಲದರಲ್ಲೂ ನನ್ನ ಅಂಗಡಿ ಕೊನೇ ಸಾಲು! ಆ ದೊಡ್ಡ ಅಂಗಡಿಯೋರು ಲಾರಿ ಲಾರಿ ತರಿಸ್ತಾರೆ. ನಾನು ಸ್ಕೂಟರಲ್ಲಿ ತರ್ತೀನಿ."

"ನಾನು ಸುಳ್ಳು ಬೆಲೆ ಹಾಕಿದೀನಾ?"

"ಸುಳ್ಳಲ್ಲ. ಅದೇ ಕಷ್ಟ!"

ಅತ್ತೆ ಅವರನ್ನು ಕೂರಿಸಿ, ಒದ್ದೆ ತಲೆಗೆ ಟವೆಲ್ಲು ಕೊಟ್ಟರು. ಜಗಳ ಆಡುತ್ತಲೇ ಟೀ ಕುಡಿದು ಹೋದರು. ಆಮೇಲೆ ಎರಡು ದಿನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಮತ್ತೆ ಟೀವಿಗೆ ವೈರು ಚುಚ್ಚಿದರು. ಬೆಲೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಬಂತು. ಅದರ ತಲೆಯ ಮೇಲೆ ಬರೆದದ್ದು 'ಇತರೆ'. ಅದಕ್ಕೆ ಏನು ಬೇಕಾದರೂ ಬರೆಯಬಹುದು. ಮೂಲೆ ಅಂಗಡಿಯ ಮುಂದೆ ಮೊದಲ ಸಾಲನ್ನು ಅತ್ತೆಯೇ ಬರೆದರು: 'ಒಡೆದ ಮೊಟ್ಟೆಯನ್ನು ಮರುಮಾತಿಲ್ಲದೆ ಬದಲಿಸಿ ಕೊಡುತ್ತಾರೆ.' ಅದನ್ನು ನೋಡಿ ಬೇರೆಯವರೂ ಬರೆದರು. 'ಕೂರಲು ಸ್ಟೂಲು ಇದೆ.' 'ಅಜ್ಜಂದಿರಿಗೆ ಚೀಟಿ ಓದಿ ಹೇಳುತ್ತಾರೆ.' 'ಬಾಣಂತಿ ಇರುವ ಮನೆಗೆ ತಾವೇ ತಂದು ಕೊಡುತ್ತಾರೆ.'

ಎಲ್ಲಕ್ಕಿಂತ ಕೆಳಗೆ, ಪುಟದ ಬುಡದಲ್ಲಿ, ಅತ್ತೆ ತಮ್ಮ ಮನೆಯ ವಿಳಾಸ ಹಾಕಿ ಒಂದು ಸೂಚನೆ ಬರೆದರು: 'ಈ ಪುಟ ತೆರೆಯದಿದ್ದರೆ ದಯವಿಟ್ಟು ಬಂದು ಬಾಗಿಲು ತಟ್ಟಿ.'

ಸೊಸೆ ಓದಿ ನಕ್ಕೂ ನಕ್ಕೂ ಸುಸ್ತಾದಳು. "ಅತ್ತೆ, ಪುಟ ತೆರೆಯದಿದ್ರೆ ಈ ಸಾಲನ್ನ ಓದೋದು ಹೇಗೆ?"

ಅತ್ತೆ ಒಂದು ಗಳಿಗೆ ಪೆಚ್ಚಾದರು. ಆದರೆ ಅಳಿಸಲಿಲ್ಲ. "ಇರಲಿ ಬಿಡೇ. ತೆರೆದಿರುವಾಗಲೇ ಓದಿಕೊಂಡಿರ್ತಾರೆ."

*

"ವ್ಯಾನ್ ಬಂತು," ಎಂದರು ಹೊರಗಿನಿಂದ.

ಪೆಟ್ಟಿಗೆಯ ಮುಚ್ಚಳ ತೆಗೆದರು. ಹೊರಲು ಯಾರೂ ಸಿಗುವುದಿಲ್ಲವೆಂದು ಅತ್ತಿಗೆ ಹೆದರಿದ್ದಳು. ಈಗ ನೋಡಿದರೆ ಕೈಗಳೇ ಹೆಚ್ಚಾಗಿ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಬಸ್ ಡ್ರೈವರಿಗೆ ದರ್ಜಿ ಜಾಗ ಬಿಟ್ಟ. ಮೂಲೆ ಅಂಗಡಿಯವರು ಯಾರಿಗೂ ಬಿಡಲಿಲ್ಲ. ಅತ್ತೆ ಹಗುರವಾಗಿ ಹೊಸ್ತಿಲು ದಾಟಿದರು.

ಒಳಗೆ ಟೀವಿಯ ಕೆಳಗಿನ ಜಾಗ ಬರಿದಾಯಿತು. ಸೊಸೆ ಯೋಚಿಸಲು ಹೋಗಲಿಲ್ಲ. ಡ್ರಾಯರಿನಿಂದ ವೈರು ತೆಗೆದು ಒಂದು ತುದಿಯನ್ನು ಗೂಡಿನತ್ತ ಎಸೆದಳು. ರಿಪೇರಿಯವನು ಹಿಡಿದುಕೊಂಡ. ಇನ್ನೊಂದು ತುದಿಯನ್ನು ಟೀವಿಗೆ ಚುಚ್ಚಿದಳು.

"ಏನಿದು, ಟೀವಿ ಹಾಕಿದೀರಾ?" ಬಾಗಿಲಲ್ಲಿ ದೊಡ್ಡಪ್ಪನ ಧ್ವನಿ ಗುಡುಗಿತು. "ಹೆಣ ಇನ್ನೂ ಬೀದಿ ದಾಟಿಲ್ಲ!"

ಸೊಸೆ ವೈರು ಹಿಡಿದೇ ತಿರುಗಿದಳು. ಉತ್ತರ ಬಂದದ್ದು ಬೇರೆ ಕಡೆಯಿಂದ.

"ಸೀರಿಯಲ್ ನೋಡ್ತಿಲ್ಲ ದೊಡ್ಡಪ್ಪ," ಎಂದಳು ಅತ್ತಿಗೆ. "ಅಮ್ಮನ ಕೆಲಸ ಒಂದು ಬಾಕಿ ಇದೆ. ವ್ಯಾನಿನೋರಿಗೆ ಸ್ವಲ್ಪ ನಿಲ್ಲೋಕೆ ಹೇಳಿ."

ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಕೊನೆಯ ಸಾಲಿನ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಿಣುಕುತ್ತಿತ್ತು.

"ತಟ್ಟಂತ ಕರೆಂಟ್ ಹೋಯ್ತಲ್ಲ, ಒಳಗೆ ಒಂದಷ್ಟು ಚೆಲ್ಲಾಪಿಲ್ಲಿ ಆಗಿದೆ," ಎಂದ ರಿಪೇರಿಯವನು. "ಸರಿಮಾಡ್ಲಾ ಅಂತ ಕೇಳ್ತಿದೆ."

ಅತ್ತೆ ಇದನ್ನು ಎಷ್ಟೋ ಸಲ ಹೇಳಿಕೊಡಲು ಬಂದಿದ್ದರು. ನನಗ್ಯಾಕೆ ಅತ್ತೆ, ನೀವಿದ್ದೀರಲ್ಲ ಎಂದು ಸೊಸೆ ಪ್ರತಿ ಸಲವೂ ತಪ್ಪಿಸಿಕೊಂಡಿದ್ದಳು. ಒಂದೇ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿದಿತ್ತು. 'ಗಂಡ ಏನಾದ್ರೂ ಕೇಳಿದ್ರೆ ಯೋಚನೆ ಮಾಡು. ಇದು ಕೇಳಿದ್ರೆ ಹೂಂ ಅಂತಿರು.'

ಅವಳು ಗೂಡಿನ ಮುಂದೆ ಕೂತು ಲ್ಯಾಪ್‌ಟಾಪಿನಲ್ಲಿ 'ಹೂಂ' ಎನ್ನುವ ಗುಂಡಿ ಒತ್ತಿದಳು. ಒಂದು ಸಾಲು ಓಡಿತು. ಮತ್ತೆ ಪ್ರಶ್ನೆ. ಮತ್ತೆ ಹೂಂ. ಮತ್ತೆ ಪ್ರಶ್ನೆ. ಹೊರಗೆ ವ್ಯಾನು ಹಾರನ್ ಮಾಡಿತು.

"ಇದು ಎಷ್ಟು ಕೇಳುತ್ತೆ?" ಎಂದಳು ಅತ್ತಿಗೆ, ಭುಜದ ಮೇಲಿಂದ ಬಗ್ಗಿ ನೋಡುತ್ತ.

"ನಿಮ್ಮಮ್ಮನ ಜೊತೆ ಇಷ್ಟು ವರ್ಷ ಇದ್ದದ್ದಲ್ವಾ," ಎಂದ ರಿಪೇರಿಯವನು. "ಕೇಳದೇ ಬಿಡುತ್ತಾ?"

ಪ್ರಶ್ನೆಗಳು ನಿಂತವು. ಸಾಲುಗಳು ಮಾತ್ರ ತಮ್ಮಷ್ಟಕ್ಕೆ ಓಡತೊಡಗಿದವು. ಮುಗಿಯುವ ಲಕ್ಷಣ ಕಾಣಲಿಲ್ಲ. ಗೆದ್ದಿತೋ ಸೋತಿತೋ ತಿಳಿಯುವ ಮುಂಚೆ ಗಂಡ ಬಂದು ಕೈಹಿಡಿದು ಎಬ್ಬಿಸಿದ. "ಇನ್ನು ಕಾಯಿಸೋಕೆ ಆಗಲ್ಲ ಕಣೇ. ಬಾ." ಅವಳು ತಿರುತಿರುಗಿ ನೋಡುತ್ತಲೇ ಮನೆಗೆ ಬೀಗ ಹಾಕಿದಳು.

*

ವಿದ್ಯುತ್ ಚಿತಾಗಾರದ ಒಳಾಂಗಣ ತಣ್ಣಗಿತ್ತು. ಗೋಡೆಗೆ ತಿಳಿ ಹಸಿರು ಬಣ್ಣ, ಒಂದು ಉದ್ದದ ಬೆಂಚು, ಎದುರಿಗೆ ಕಬ್ಬಿಣದ ಬಾಗಿಲು. ಬೂದು ಅಂಗಿಯ ಕೆಲಸಗಾರ ಸ್ವಿಚ್ಚಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಮಗ, ಮಗಳು ಹೂ ಹಾಕಿದರು. ಸೊಸೆ ಅತ್ತೆಯ ಬಲಗೈ ಬೆರಳುಗಳನ್ನು ಒಮ್ಮೆ ಹಿಡಿದುಕೊಂಡಳು. ತಂತಿ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿಗಳು. ಎದ್ದಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಎದ್ದಿಲ್ಲ ಎನ್ನಲೂ ಮನಸ್ಸು ಬರಲಿಲ್ಲ.

ಕಬ್ಬಿಣದ ಬಾಗಿಲು ಮೇಲೆದ್ದಿತು. ಅತ್ತೆ ಒಳಗೆ ಸರಿದರು. ಬಾಗಿಲು ಇಳಿಯಿತು.

ಟಿಣ್.

ಎಲ್ಲರೂ ರಿಪೇರಿಯವನ ಕಡೆ ಕಣ್ಣು ಕೆಕ್ಕರಿಸಿ ನೋಡಿದರು. ಅವನು ಗಾಬರಿಯಿಂದ ಜೇಬು ತಡಕಿದ. ಅಷ್ಟರಲ್ಲಿ ಅಡುಗೆಯಾಕೆಯ ಸೊಂಟದ ಚೀಲದಿಂದ, ಟಿಣ್. ಡ್ರೈವರು, ದರ್ಜಿ, ದರ್ಜಿಯ ಹೆಂಡತಿ, ನರ್ಸು. ಟಿಣ್, ಟಿಣ್, ಟಿಣ್. ಬೇಕೆಂದು ಹೆಸರು ಕೊಟ್ಟವರಿಗೆಲ್ಲ ಪ್ರತಿ ಬೆಳಗ್ಗೆ ಎಕ್ಸ್‌ಚೇಂಜ್ ಒಂದು ಸಂದೇಶ ಕಳಿಸುತ್ತಿತ್ತು. ಇವತ್ತು ಎದ್ದದ್ದು ತಡವಾಗಿತ್ತು. ಎದ್ದ ಕೂಡಲೇ ಬಾಕಿ ಕೆಲಸ ಮುಗಿಸಿತ್ತು.

ಕಡೆಗೊಂದು ಟಿಣ್, ಎಲ್ಲಕ್ಕಿಂತ ಜೋರಾಗಿ, ಮೂಲೆ ಅಂಗಡಿಯವರ ಎದೆಯ ಜೇಬಿನಿಂದ ಕೇಳಿಸಿತು.

ಎಲ್ಲರೂ ಅವರತ್ತ ತಿರುಗಿದರು. ಅವರು ಚಾವಣಿ ನೋಡಿದರು. "ಯಾರೋ... ಬೇರೆ ಏನೋ ಇರಬೇಕು," ಎಂದರು. ಮೊದಲು ನಕ್ಕದ್ದು ಗಂಡ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ದೊಡ್ಡಪ್ಪ ಕೂಡ ಬೆಂಚಿನ ಮೇಲೆ ಕುಸಿದು, ಟವೆಲ್ಲಿನಲ್ಲಿ ಮುಖ ಮುಚ್ಚಿ ಹೊಟ್ಟೆ ಕುಲುಕಿಸಿದರು. ಅಂಗಡಿಯವರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು.

"ಎದ್ದಿದೆ ಅತ್ತೆ," ಎಂದಳು ಸೊಸೆ ಕಬ್ಬಿಣದ ಬಾಗಿಲಿಗೆ.

ಅತ್ತಿಗೆಯ ಕೈಚೀಲದಲ್ಲೂ ಸದ್ದಾಗಿತ್ತು. ಅವಳು ಯಾರನ್ನೂ ನೋಡದೆ ಫೋನು ತೆಗೆದು, ಕನ್ನಡಕ ಏರಿಸಿ ಓದಿದಳು. ಮೊದಲ ಸಾಲು ಅತ್ತೆ ಎಂದೋ ಬರೆದಿಟ್ಟದ್ದು. ದಿನವೂ ಅದೇ ಹೋಗುತ್ತಿತ್ತು: 'ಶುಭೋದಯ. ಹೊರಡುವ ಮುಂಚೆ ಚೀಲ ತಗೊಂಡ್ರಾ?' ಅದರ ಕೆಳಗೆ, ಅತ್ತೆ ಫೋನಿನಲ್ಲಿ ಅವಳನ್ನೇ ಕೇಳಿ ಬರೆದಿಟ್ಟಿದ್ದ ಬೆಲೆಗಳು: ಅವಳ ಊರಿನ ಬೇಳೆ, ಅವಳ ಮನೆ ಬೀದಿಯ ಹಾಲು.

ಸ್ವಿಚ್ಚಿನ ಪಕ್ಕದಿಂದ ಬೂದು ಅಂಗಿಯವನು ಒಂದು ಹೆಜ್ಜೆ ಮುಂದೆ ಬಂದ. ಇಂಥ ಜನರನ್ನು ಅವನು ಕಂಡಿರಲಿಲ್ಲ.

"ಅಮ್ಮ, ತಪ್ಪು ತಿಳೀಬೇಡಿ," ಎಂದ ಅವನು ಸಂಕೋಚದಿಂದ. "ಅದರಲ್ಲಿ ಅಕ್ಕಿ ಬೆಲೆ ಬರುತ್ತಾ? ಇಲ್ಲೇ ಹತ್ತಿರದ್ದು?"

ಅತ್ತಿಗೆ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟಳು. ಅವನು ಎರಡೂ ಕೈಗಳನ್ನು ಪ್ಯಾಂಟಿಗೆ ಚೆನ್ನಾಗಿ ಒರೆಸಿಕೊಂಡು, ಅವಳು ಚಾಚಿದ ಫೋನನ್ನು ತೆಗೆದುಕೊಂಡ.